ಪುಸ್ತಕದ ತೂಕ, ಪತ್ರಿಕೆಯ ಗಡುವು, ಅಂಚೆಯ ದರ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಣ್ಣ ಪ್ರಕಾಶಕರವು, ತಾವೇ ಪುಸ್ತಕ ಹಾಕಿಸಿಕೊಂಡ ಲೇಖಕರವು, ಕಿರುಪತ್ರಿಕೆ ನಡೆಸುವವರವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ರಿಜಿಸ್ಟರ್ಡ್ ಬುಕ್‌ಪೋಸ್ಟ್ ಇದ್ದಾಗ 5 ಕಿಲೋ ಪುಸ್ತಕದ ಕಟ್ಟು ಸುಮಾರು 80 ರೂಪಾಯಿಗೆ ದೇಶದ ಯಾವ ಮೂಲೆಗಾದರೂ ಹೋಗುತ್ತಿತ್ತು. ಅದು ಇದ್ದಕ್ಕಿದ್ದಂತೆ ನಿಂತದ್ದೇಕೆ? ಪುಸ್ತಕಗಳಿಗೆಂದು ಅಂಚೆಯವರು ಈಗ ನಡೆಸುವ ಜ್ಞಾನ್ ಪೋಸ್ಟ್ ಎಂದರೆ ಅದೇ ತಾನೆ?
— ಪ್ರಕಾಶಕರೊಬ್ಬರು, ಶಿವಮೊಗ್ಗ

ಉತ್ತರ: ಅದೇ ಅಲ್ಲ. ದರದಲ್ಲಿ ಹತ್ತಿರ, ನಿಯಮದಲ್ಲಿ ದೂರ.

ಮೊದಲು ನಿಂತದ್ದೇಕೆ ಎಂಬುದು. 1898ರ ಭಾರತೀಯ ಅಂಚೆ ಕಾಯ್ದೆಯ ಜಾಗಕ್ಕೆ ಬಂದ 2023ರ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಿಂದ ಜಾರಿಯಾಯಿತು. ಅದರಡಿ ಬರೆದ ಹೊಸ ನಿಯಮಾವಳಿ ಅದೇ ವರ್ಷದ ಡಿಸೆಂಬರ್ 16ರಂದು ಚಾಲ್ತಿಗೆ ಬಂತು. ಎರಡು ದಿನ ಕಳೆದು, ಡಿಸೆಂಬರ್ 18ರಂದು, ಕೌಂಟರಿನ ಕಂಪ್ಯೂಟರಿನಲ್ಲಿ ರಿಜಿಸ್ಟರ್ಡ್ ಬುಕ್‌ಪೋಸ್ಟ್ ಎಂಬ ಆಯ್ಕೆಯೇ ಇರಲಿಲ್ಲ. ಅದೇ 5 ಕಿಲೋ ಕಟ್ಟು ರಿಜಿಸ್ಟರ್ಡ್ ಪಾರ್ಸೆಲ್ ಆಗಿ 200 ರೂಪಾಯಿ ದಾಟಿತು. 150 ರೂಪಾಯಿಯ ಪುಸ್ತಕ ಮಾರುವವರಿಗೆ ಇದು ಲಾಭ ಕಡಿಮೆಯಾಗುವ ಪ್ರಶ್ನೆಯಲ್ಲ, ವ್ಯಾಪಾರವೇ ನಿಲ್ಲುವ ಪ್ರಶ್ನೆ.

ಇಲ್ಲಿ ಗಮನಿಸಬೇಕಾದ ಬದಲಾವಣೆ ದರಕ್ಕಿಂತ ದೊಡ್ಡದು. ಹಳೆಯ ಕಾಯ್ದೆಗೆ ಅಂಟಿಕೊಂಡು ಒಂದು ಅನುಸೂಚಿ ಇತ್ತು. ಕಾರ್ಡು, ಇನ್‌ಲ್ಯಾಂಡ್, ಬುಕ್ ಪ್ಯಾಕೆಟ್, ನೋಂದಾಯಿತ ವೃತ್ತಪತ್ರಿಕೆಗಳ ದರ ಅದರಲ್ಲಿತ್ತು, ಅದನ್ನು ತಿದ್ದಲು ಸಾಮಾನ್ಯವಾಗಿ ಬಜೆಟ್ಟಿನ ಹಣಕಾಸು ಮಸೂದೆಯೇ ಬೇಕಾಗುತ್ತಿತ್ತು. ಕಾರ್ಡಿನ ಬೆಲೆ ಏರಿತೆಂದರೆ ಸಂಸತ್ತಿನಲ್ಲಿ ಗಲಾಟೆಯಾಗುತ್ತಿದ್ದುದು ಅದಕ್ಕೇ. ಹೊಸ ಕಾಯ್ದೆಯಲ್ಲಿ ಸೇವೆ ಯಾವುದು, ಅದಕ್ಕೆ ಶುಲ್ಕ ಎಷ್ಟು ಎಂಬುದನ್ನು ನಿಯಮಾವಳಿಯ ಮೂಲಕ ಗೊತ್ತುಮಾಡುವ ಅಧಿಕಾರ ಅಂಚೆ ಸೇವೆಗಳ ಮಹಾನಿರ್ದೇಶಕರ ಕೈಗೆ ಹೋಗಿದೆ. ಹೀಗಾಗಿ ಪುಸ್ತಕದ ದರ ಈಗ ರಾಜಕೀಯ ಚರ್ಚೆಯ ವಿಷಯವಾಗದೆ ಆಡಳಿತದ ಆದೇಶವಾಗಿಬಿಟ್ಟಿದೆ. ಒಂದು ಸೇವೆ ಸದ್ದಿಲ್ಲದೆ ಕಣ್ಮರೆಯಾಗಬಹುದು ಎಂಬುದಕ್ಕೆ ಡಿಸೆಂಬರ್ 18 ಸಾಕ್ಷಿ. ಪ್ರಕಾಶಕರು ಗಲಾಟೆ ಮಾಡಿದರೆ ಬೇರೊಂದು ರೂಪದಲ್ಲಿ ಹಿಂದಿರುಗಬಹುದು ಎಂಬುದಕ್ಕೆ ಜ್ಞಾನ್ ಪೋಸ್ಟ್ ಸಾಕ್ಷಿ. ಅದು ಶುರುವಾದದ್ದು 2025ರ ಮೇ 1ರಂದು. ನಡುವೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಸಣ್ಣ ಪ್ರಕಾಶಕರು ಪಾರ್ಸೆಲ್ ದರ ತೆತ್ತರು.

ಜ್ಞಾನ್ ಪೋಸ್ಟ್ ಶುರುವಾದಾಗ ನಿಗದಿಯಾದ ದರ ಹೀಗಿದೆ: 300 ಗ್ರಾಂವರೆಗೆ 20 ರೂಪಾಯಿ, 500ರವರೆಗೆ 25, 1 ಕಿಲೋವರೆಗೆ 35, 2 ಕಿಲೋಗೆ 50, 3 ಕಿಲೋಗೆ 65, 4 ಕಿಲೋಗೆ 80, 5 ಕಿಲೋಗೆ 100. ಇದರ ಮೇಲೆ ತೆರಿಗೆ ಬೇರೆ. ಪುಸ್ತಕಕ್ಕೆ ಜಿಎಸ್‌ಟಿ ಸೊನ್ನೆ ಇರುವುದರಿಂದ, ರವಾನೆಗೆ ಕಟ್ಟಿದ ಜಿಎಸ್‌ಟಿಯನ್ನು ಮುರಿದುಕೊಳ್ಳಲು ಪ್ರಕಾಶಕರಿಗೆ ದಾರಿಯಿಲ್ಲ. ಅದು ನೇರವಾಗಿ ಖರ್ಚಿನ ಖಾತೆಗೇ. ಪ್ಯಾಕೆಟ್ ನೆಲಮಾರ್ಗದಲ್ಲಿ ಹೋಗುತ್ತದೆ, ವಿಮಾನದಲ್ಲಿ ಅಲ್ಲ. ಎಲ್ಲಿ ತಲುಪಿದೆ ಎಂದು ಸಂಖ್ಯೆ ಹಾಕಿ ನೋಡಬಹುದು.

ಪ್ರಶ್ನೆ: ಕವನ ಸಂಕಲನ, ಕಾದಂಬರಿಗಳನ್ನು ‘ಜ್ಞಾನ’ ಎಂದು ಒಪ್ಪುತ್ತಾರೆಯೇ? ಒಂದು ಕಡೆ ತೆಗೆದುಕೊಂಡರು, ಇನ್ನೊಂದು ಕಡೆ ಆಗುವುದಿಲ್ಲ ಎಂದರು.
— ಲೇಖಕಿ, ಹಾಸನ

ಉತ್ತರ: ಕಾವ್ಯ ಜ್ಞಾನವೇ ಅಲ್ಲವೇ ಎಂಬ ಮೀಮಾಂಸೆ ಅಂಚೆ ಕೌಂಟರಿನವರೆಗೂ ಬಂತಲ್ಲ! ಯೋಜನೆಯ ವ್ಯಾಪ್ತಿಯಲ್ಲಿ ಶೈಕ್ಷಣಿಕ ಪುಸ್ತಕಗಳ ಜೊತೆ ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳೂ ಸೇರಿವೆ. ಸಾಹಿತ್ಯ ಕೃತಿ ಸಾಂಸ್ಕೃತಿಕ ಎಂಬ ಮಾತಿನೊಳಗೆ ಸಲೀಸಾಗಿ ಕೂರುತ್ತದೆ. ಕೌಂಟರಿನಲ್ಲಿ ವಾದ ಬೇಡ, ಆ ಸಾಲಿರುವ ಸುತ್ತೋಲೆಯ ಪ್ರತಿಯನ್ನು ಜೊತೆಗೆ ಒಯ್ಯಿರಿ. ಅಲ್ಲೂ ಆಗದಿದ್ದರೆ ಪೋಸ್ಟ್‌ಮಾಸ್ಟರರನ್ನು ಕಾಣಿ.

ನಿಜವಾಗಿ ಸಿಕ್ಕಿಬೀಳುವುದು ಬೇರೆ ಮೂರು ಕಡೆ. ಒಂದು, ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಬೇಕು. ‘ಲೇಖಕರೇ ಪ್ರಕಾಶಕರು’ ಎಂಬ ಕಡೆ ಎಷ್ಟೋ ಜನ ಹಕ್ಕುಪುಟವನ್ನೇ ಖಾಲಿ ಬಿಟ್ಟಿರುತ್ತಾರೆ. ಎರಡು, ಜಾಹೀರಾತು. ಕೊನೆಯ ಪುಟದಲ್ಲಿ ‘ನಮ್ಮ ಇತರ ಪ್ರಕಟಣೆಗಳು’ ಎಂಬ ಪಟ್ಟಿ ಇದ್ದರೆ ಅಡ್ಡಿಯಿಲ್ಲ, ಪುಸ್ತಕಪಟ್ಟಿಗೆ ವಿನಾಯಿತಿ ಇದೆ. ಆದರೆ ಸಹಕಾರಿ ಬ್ಯಾಂಕು, ಜವಳಿ ಅಂಗಡಿ, ಕಲ್ಯಾಣ ಮಂಟಪಗಳ ಜಾಹೀರಾತಿನಿಂದ ದಪ್ಪಗಾದ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥಗಳು ಈ ದರಕ್ಕೆ ಸಲ್ಲುವುದಿಲ್ಲ. ಮೂರು, ನಿಯತಕಾಲಿಕ ಸ್ವರೂಪದ ಯಾವುದೂ ಸಲ್ಲದು. ದೀಪಾವಳಿ ವಿಶೇಷಾಂಕ ಎಷ್ಟೇ ದಪ್ಪವಿದ್ದರೂ ಅದು ಪುಸ್ತಕವಲ್ಲ.

ಲಕೋಟೆಯೊಳಗೆ ‘ಪ್ರೀತಿಯ ಅಣ್ಣನಿಗೆ’ ಎಂದು ಕಾಗದ ಬರೆದು ಇಡಬೇಡಿ. ಹಳೆಯ ಬುಕ್‌ಪೋಸ್ಟಿನ ಕಾಲದಿಂದಲೂ ಪುಸ್ತಕದ ದರ ಪುಸ್ತಕಕ್ಕೆ ಮಾತ್ರ, ಪತ್ರಕ್ಕಲ್ಲ.

ಪ್ರಶ್ನೆ: ಪುಸ್ತಕ 300 ಗ್ರಾಂ ಒಳಗೆ ಇರುವಂತೆ ಮುದ್ರಿಸುವುದು ಹೇಗೆ?
— ಲೇಖಕರು, ಚಿಕ್ಕಮಗಳೂರು

ಉತ್ತರ: ಮುದ್ರಣಕ್ಕೆ ಕೊಡುವ ಮೊದಲೇ ಲೆಕ್ಕ ಹಾಕಬಹುದು. ಹಾಳೆಯ ಅಗಲ ಮತ್ತು ಉದ್ದವನ್ನು ಮೀಟರಿನಲ್ಲಿ ಗುಣಿಸಿ, ಅದನ್ನು ಹಾಳೆಗಳ ಸಂಖ್ಯೆಯಿಂದ, ಆಮೇಲೆ ಕಾಗದದ ಜಿಎಸ್‌ಎಂನಿಂದ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಗುಣಿಸಿ. ಹಾಳೆ ಎಂದರೆ ಎರಡು ಪುಟ, ಇಲ್ಲಿ ಅನೇಕರು ತಪ್ಪುತ್ತಾರೆ.

ಪುಸ್ತಕದ ಅಳತೆ 1/8 ಡೆಮಿ ಅಂದರೆ ಸುಮಾರು 14 × 21.5 ಸೆಂ.ಮೀ. 200 ಪುಟಕ್ಕೆ 100 ಹಾಳೆ. 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದದಲ್ಲಿ 0.14 × 0.215 × 100 × 70 = ಸುಮಾರು 211 ಗ್ರಾಂ. 300 ಜಿಎಸ್‌ಎಂ ರಕ್ಷಾಪುಟಕ್ಕೆ ಇನ್ನೊಂದು 20. ಒಟ್ಟು 231. ಸುಕ್ಕು ರಟ್ಟು, ಪ್ಲಾಸ್ಟಿಕ್ ಚೀಲ, ಅಂಟುಪಟ್ಟಿ ಸೇರಿ 40 ಗ್ರಾಂ ಹಿಡಿದರೂ 271ಕ್ಕೆ ಮುಗಿಯಿತು. ಅದೇ ಪುಸ್ತಕ 80 ಜಿಎಸ್‌ಎಂನಲ್ಲಿ 241 + 20 + 40 = 301. ಒಂದು ಗ್ರಾಂ ಹೆಚ್ಚಾಯಿತು, ಮುಂದಿನ ಮಟ್ಟದ ದರ ಬಿತ್ತು. ಮಳೆಗಾಲದಲ್ಲಿ ಕಾಗದ ತೇವ ಹೀರಿ ತೂಕ ಹೆಚ್ಚುತ್ತದೆ, ಆದ್ದರಿಂದ ಲೆಕ್ಕದಲ್ಲಿ 15 ಗ್ರಾಂ ಸಡಿಲ ಬಿಡಿ. 70 ಜಿಎಸ್‌ಎಂನಲ್ಲಿ 208 ಪುಟದವರೆಗೆ ನೆಮ್ಮದಿ. 240 ಪುಟವಾದರೆ ಪುಸ್ತಕವೇ 273, ಕಟ್ಟಿದ ಮೇಲೆ 300 ದಾಟುವುದು ಖಂಡಿತ.

ಒಂದು ಪ್ರತಿಯಲ್ಲಿ ಉಳಿಯುವುದು 5 ರೂಪಾಯಿ ಮತ್ತು ತೆರಿಗೆ. ಅದಕ್ಕಾಗಿ ಹಿಂಬದಿಯ ಅಕ್ಷರ ಕಾಣುವಂಥ ತೆಳು ಕಾಗದ ಹಾಕಿಸಬೇಡಿ. ಓದುಗರ ಕಣ್ಣು ಅಂಚೆಯ ತಕ್ಕಡಿಗಿಂತ ದೊಡ್ಡದು. ಹೆಚ್ಚು ಉಳಿಯುವುದು ಪ್ರತಿಗಳನ್ನು ಕೂಡಿಸಿದಾಗ: ಒಂದು ಪ್ರತಿಗೆ 20 ಆದರೆ, ಅದೇ ವಿಳಾಸಕ್ಕೆ ಮೂರು ಪ್ರತಿ 1 ಕಿಲೋದ ಒಳಗೆ 35ಕ್ಕೆ ಹೋಗುತ್ತದೆ. ಊರಿನ ಓದುಗರ ಬಳಗಕ್ಕೆ ಒಟ್ಟಾಗಿ ಕಳಿಸುವ ರಿಯಾಯಿತಿಯನ್ನು ಈ ಲೆಕ್ಕದ ಮೇಲೆ ಗೊತ್ತುಮಾಡಿ.

ಪ್ಯಾಕಿಂಗಿನಲ್ಲಿ ಕೆಡುವುದು ಮೂಲೆ. ಪುಸ್ತಕಕ್ಕಿಂತ ಸುತ್ತ ಅರ್ಧ ಸೆಂ.ಮೀ. ದೊಡ್ಡದಾದ ರಟ್ಟು ಎರಡು ಕಡೆ ಇಟ್ಟರೆ ಮೂಲೆ ಮಡಚುವುದಿಲ್ಲ. ಸ್ಟೇಪ್ಲರ್ ಪಿನ್ನು ಬೇಡ, ಅದು ಚೀಲದೊಳಗೆ ಪಕ್ಕದ ಕಟ್ಟನ್ನೂ ಹರಿಯುತ್ತದೆ. ಮಲೆನಾಡು, ಕರಾವಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೊಂದು ಪ್ಲಾಸ್ಟಿಕ್ ಕವರ್ ಕಡ್ಡಾಯ ಎಂದೇ ತಿಳಿಯಿರಿ.

ಪ್ರಶ್ನೆ: ನಮ್ಮದು ತ್ರೈಮಾಸಿಕ ಸಾಹಿತ್ಯ ಪತ್ರಿಕೆ, 400 ಚಂದಾದಾರರು. ದೊಡ್ಡ ಮಾಸಿಕಗಳು ಪೈಸೆಗಳ ಲೆಕ್ಕದಲ್ಲಿ ಅಂಚೆಗೆ ಹೋಗುತ್ತವಂತೆ. ನಮಗೇಕೆ ಇಲ್ಲ?
— ಸಂಪಾದಕ ಮಂಡಳಿ, ಶಿರಸಿ

ಉತ್ತರ: ಪೈಸೆಗಳ ಮಾತು ನಿಜ. ನೋಂದಾಯಿತ ವೃತ್ತಪತ್ರಿಕೆಯ ದರ ಬಹುಕಾಲದಿಂದ ಹೀಗಿದೆ: ಒಂದು ಪ್ರತಿ 50 ಗ್ರಾಂವರೆಗೆ 25 ಪೈಸೆ, 100 ಗ್ರಾಂವರೆಗೆ 50 ಪೈಸೆ, ಮುಂದಿನ ಪ್ರತಿ 100 ಗ್ರಾಂಗೆ 20 ಪೈಸೆ. 120 ಗ್ರಾಂ ತೂಗುವ ಮಾಸಿಕಕ್ಕೆ 70 ಪೈಸೆ, ವರ್ಷದ ಹನ್ನೆರಡು ಸಂಚಿಕೆಗೆ ಚಂದಾದಾರರೊಬ್ಬರಿಗೆ 8 ರೂಪಾಯಿ 40 ಪೈಸೆ.

ನಿಮಗೆ ಸಿಗದಿರಲು ಕಾರಣ ‘31 ದಿನ’. 1898ರ ಕಾಯ್ದೆಯ 9ನೇ ಕಲಮಿನಲ್ಲಿ ವೃತ್ತಪತ್ರಿಕೆ ಅನ್ನಿಸಿಕೊಳ್ಳಲು ಎರಡು ಷರತ್ತುಗಳಿದ್ದವು: ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಕೂಡದು, ಮತ್ತು ನಿಜವಾದ ಚಂದಾದಾರರ ಪಟ್ಟಿ ಇರಬೇಕು. ಜೊತೆಗೆ ಒಳಗಿನ ವಸ್ತು ಬಹುಪಾಲು ಸುದ್ದಿ ಅಥವಾ ಪ್ರಚಲಿತ ವಿಷಯವಾಗಿರಬೇಕು. ದಿನಪತ್ರಿಕೆ, ವಾರಪತ್ರಿಕೆಗಳನ್ನು ಮನಸ್ಸಿನಲ್ಲಿಟ್ಟು ಬ್ರಿಟಿಷರ ಕಾಲದಲ್ಲಿ ಎಳೆದ ಗೆರೆ ಅದು. ಕನ್ನಡದ ನವ್ಯ, ಬಂಡಾಯದ ಚರ್ಚೆಗಳು ಬೆಳೆದದ್ದು ಹೆಚ್ಚಾಗಿ ಕಿರುಪತ್ರಿಕೆಗಳಲ್ಲಿ. ಅಂಥವುಗಳಲ್ಲಿ ಎಷ್ಟೋ ಪತ್ರಿಕೆಗಳಿಗೆ ತಿಂಗಳಿಗೊಂದು ಸಂಚಿಕೆ ತರುವ ಶಕ್ತಿಯೇ ಇರುವುದಿಲ್ಲ. ಹೀಗೆ ಯಾರಿಗೆ ರಿಯಾಯಿತಿ ಹೆಚ್ಚು ಬೇಕೋ ಅವರೇ ಗೆರೆಯ ಆಚೆ ಉಳಿದರು. ಜ್ಞಾನ್ ಪೋಸ್ಟಿನ ಬಾಗಿಲೂ ನಿಯತಕಾಲಿಕಕ್ಕೆ ಮುಚ್ಚಿದೆ. ತ್ರೈಮಾಸಿಕ ಅತ್ತ ವೃತ್ತಪತ್ರಿಕೆಯಲ್ಲ, ಇತ್ತ ಪುಸ್ತಕವಲ್ಲ.

ಹಾಗಾದರೆ ಮಾಡುವುದೇನು? ಮಾಸಿಕವಾಗುವುದು ಒಂದು ದಾರಿ. ದ್ವೈಮಾಸಿಕವಾದರೂ ಸಾಲದು, ಅದು 60 ದಿನ. 96 ಪುಟದ ಒಂದು ತ್ರೈಮಾಸಿಕದ ಬದಲು 32 ಪುಟದ ಮೂರು ಮಾಸಿಕ ಸಂಚಿಕೆ ತಂದರೆ ಕಾಗದದ ಖರ್ಚು ಅಷ್ಟೇ. ರಕ್ಷಾಪುಟ, ಹೊಲಿಗೆ, ವಿಳಾಸ ಚೀಟಿ ಅಂಟಿಸುವ ಕೂಲಿ ಮೂರು ಪಟ್ಟಾಗುತ್ತದೆ. 400 ಪ್ರತಿಗೆ ಇದು ಲಾಭವೋ ಅಲ್ಲವೋ ಎಂಬುದನ್ನು ಮುದ್ರಣಾಲಯದಿಂದ ದರ ತರಿಸಿ ನೋಡಿ.

ಆ ದಾರಿ ಹಿಡಿದರೆ ಮೊದಲು 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆಯ ಪ್ರಕಾರ ಶೀರ್ಷಿಕೆ ಮತ್ತು ನೋಂದಣಿ ಆಗಬೇಕು. 2024ರ ಮಾರ್ಚ್ 1ರಿಂದ ಇದು 1867ರ ಹಳೆಯ ಕಾಯ್ದೆಯ ಜಾಗದಲ್ಲಿದೆ, ಆರ್‌ಎನ್‌ಐ ಎನ್ನುತ್ತಿದ್ದ ಪತ್ರಿಕಾ ನೋಂದಣಿ ಕಚೇರಿಗೆ ಈಗ ಪಿಆರ್‌ಜಿಐ ಎಂದು ಹೆಸರು, ಅರ್ಜಿ ಪ್ರೆಸ್ ಸೇವಾ ಪೋರ್ಟಲ್ ಮೂಲಕ. ಆ ಪ್ರಮಾಣಪತ್ರ, ಚಂದಾ ಕಟ್ಟಿದವರ ಹೆಸರು ವಿಳಾಸದ ಪಟ್ಟಿ, ಮಾದರಿ ಸಂಚಿಕೆಗಳೊಂದಿಗೆ ನಿಮ್ಮ ಅಂಚೆ ವಿಭಾಗದ ಅಧೀಕ್ಷಕರಿಗೆ ಅರ್ಜಿ ಕೊಡಿ. ಪಟ್ಟಿಯಲ್ಲಿ ಗೌರವ ಪ್ರತಿ ಪಡೆಯುವವರನ್ನು ಸೇರಿಸಬೇಡಿ, ರಸೀದಿ ಪುಸ್ತಕಕ್ಕೆ ಹೊಂದುವ ಹೆಸರುಗಳೇ ಇರಲಿ. ಅಂಚೆ ನೋಂದಣಿ ಸಂಖ್ಯೆ ಸಿಕ್ಕ ಮೇಲೆ ಅದನ್ನು ಪ್ರತಿ ಸಂಚಿಕೆಯಲ್ಲೂ ಅಚ್ಚು ಹಾಕಬೇಕು, ಗೊತ್ತಾದ ಕಚೇರಿಯಲ್ಲಿ ಗೊತ್ತಾದ ತಾರೀಕಿಗೇ ಕೊಡಬೇಕು, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು.

ಹೆಚ್ಚಿನ ಪತ್ರಿಕೆಗಳು ಎಡವುವುದು ತಾರೀಕಿನಲ್ಲಿ. ಮುದ್ರಣ ತಡವಾಗಿ 10ನೇ ತಾರೀಕಿನ ಪತ್ರಿಕೆ 14ಕ್ಕೆ ಹೋದರೆ ರಿಯಾಯಿತಿ ದರ ಸಿಗದಿರಬಹುದು. ತಡವಾಗುತ್ತದೆ ಎಂದು ಕಂಡ ಕೂಡಲೇ ಲಿಖಿತವಾಗಿ ಅನುಮತಿ ಕೇಳಿ. ದುಡ್ಡಿಲ್ಲದಾಗ ತರುವ ‘ಜೋಡಿ ಸಂಚಿಕೆ’ ಇನ್ನೂ ಅಪಾಯ, ಅಲ್ಲಿ 31 ದಿನದ ಗೆರೆಯನ್ನು ನೀವೇ ದಾಟಿರುತ್ತೀರಿ.

ಇನ್ನೊಂದು ದಾರಿ, ಪತ್ರಿಕೆಯನ್ನು ಪುಸ್ತಕವಾಗಿಸುವುದು. ಪ್ರತಿ ಸಂಪುಟಕ್ಕೆ ಒಂದು ವಿಷಯ, ಪ್ರತ್ಯೇಕ ಹೆಸರು, ಪ್ರತ್ಯೇಕ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ). ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಇದನ್ನು ಶುಲ್ಕವಿಲ್ಲದೆ ಕೊಡುತ್ತದೆ. ಚಂದಾದಾರರಿಗೆ ವರ್ಷಕ್ಕಿಷ್ಟು ಪುಸ್ತಕ ಎಂಬ ಏರ್ಪಾಡು ನಮಗೆ ಹೊಸದಲ್ಲ, ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲೇ ಶುರುವಾಯಿತು. ಆದರೆ ರಕ್ಷಾಪುಟದ ಮೇಲೆ ‘ಸಂಪುಟ 3, ಸಂಚಿಕೆ 2, ಏಪ್ರಿಲ್–ಜೂನ್’ ಎಂದು ಬರೆದು ಒಳಗೆ ಐಎಸ್‌ಬಿಎನ್ ಹಾಕಿದರೆ ಯಾರೂ ನಂಬುವುದಿಲ್ಲ. ಪುಸ್ತಕವೆಂದರೆ ಸಂಪಾದಕೀಯ, ಓದುಗರ ಪತ್ರ, ಚಂದಾ ವಿವರಗಳ ಪುಟವನ್ನೂ ಬಿಡಬೇಕು. ಕೆಲವು ಬಳಗಗಳಿಗೆ ಅದು ಪತ್ರಿಕೆಯ ಜೀವವನ್ನೇ ತೆಗೆದಂತೆ. ಅವರು ಮಾಮೂಲಿ ಬುಕ್‌ಪೋಸ್ಟಿನಲ್ಲಿ, ಟ್ರ್ಯಾಕಿಂಗ್ ಇಲ್ಲದೆ, ಕಳೆದುಹೋಗುವ ಪ್ರತಿಗಳಿಗಾಗಿ ಪ್ರತಿ ಸಂಚಿಕೆಯನ್ನೂ ಒಂದಿಷ್ಟು ಹೆಚ್ಚು ಮುದ್ರಿಸಿ ಕಳಿಸುವುದೇ ವಾಸಿ.

ಪ್ರಶ್ನೆ: ಅಂಚೆ ರಿಯಾಯಿತಿಯನ್ನು ಪತ್ರಿಕೆಯ ಬಾಯಿ ಮುಚ್ಚಿಸಲು ಬಳಸಿದ ಉದಾಹರಣೆ ಇದೆಯೇ, ಅಥವಾ ಇದು ಬರೀ ಅನುಮಾನವೇ?
— ಪತ್ರಿಕೋದ್ಯಮ ವಿದ್ಯಾರ್ಥಿ, ಮೈಸೂರು

ಉತ್ತರ: ಇದೆ, ತೀರಾ ಸ್ಪಷ್ಟವಾದ ಉದಾಹರಣೆ ಅಮೆರಿಕದ್ದು. 1917ರಲ್ಲಿ ಆ ದೇಶ ಮೊದಲ ಮಹಾಯುದ್ಧಕ್ಕಿಳಿದ ಮೇಲೆ ನ್ಯೂಯಾರ್ಕಿನ ‘ದಿ ಮಾಸಸ್’ ಎಂಬ ಎಡಪಂಥೀಯ ಮಾಸಿಕದ ಆಗಸ್ಟ್ ಸಂಚಿಕೆಯನ್ನು ಅಂಚೆ ಇಲಾಖೆ ಸ್ವೀಕರಿಸಲಿಲ್ಲ. ಆಗ ಪೋಸ್ಟ್‌ಮಾಸ್ಟರ್ ಜನರಲ್ ಆಗಿದ್ದವರು ಆಲ್ಬರ್ಟ್ ಬರ್ಲ್ಸನ್. ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಪತ್ರಿಕೆಯ ಪರ ಆದೇಶ ಕೊಟ್ಟರೂ ಮೇಲಿನ ನ್ಯಾಯಾಲಯದಲ್ಲಿ ಅದು ನಿಲ್ಲಲಿಲ್ಲ. ಆಮೇಲೆ ಇಲಾಖೆ ಹೂಡಿದ ವಾದ ನೋಡಿ: ಆಗಸ್ಟ್ ಸಂಚಿಕೆ ಅಂಚೆಗೆ ಹೋಗಿಲ್ಲ, ಆದ್ದರಿಂದ ಈ ಪತ್ರಿಕೆ ನಿಯತವಾಗಿ ಹೊರಡುತ್ತಿಲ್ಲ, ನಿಯತವಲ್ಲದ್ದಕ್ಕೆ ರಿಯಾಯಿತಿ ದರವೂ ಇಲ್ಲ! ತಾನೇ ತಡೆದು, ತಡೆದದ್ದನ್ನೇ ತಪ್ಪಾಗಿಸಿತು. ಆ ವರ್ಷ ಮುಗಿಯುವುದರೊಳಗೆ ಪತ್ರಿಕೆ ನಿಂತಿತು. ಮೇಲೆ ಶಿರಸಿಯವರಿಗೆ ತಾರೀಕಿನ ಬಗ್ಗೆ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ಓದಿ.

ದ್ವೇಷವಿಲ್ಲದೆಯೂ ಇಂಥದು ಆಗುತ್ತದೆ. ಅದೇ ದೇಶದಲ್ಲಿ 2007ರ ಜುಲೈ 15ರಂದು ಜಾರಿಯಾದ ಪತ್ರಿಕಾ ದರಪಟ್ಟಿ ಟೈಮ್ ವಾರ್ನರ್ ಕಂಪನಿ ಮುಂದಿಟ್ಟ ಮಾದರಿಯನ್ನು ಬಹುಮಟ್ಟಿಗೆ ಆಧರಿಸಿತ್ತು. ಯಂತ್ರದಲ್ಲಿ ವಿಂಗಡಿಸಲು ಬರುವಂತೆ, ಸಾಗಣೆಯ ಹಲಗೆಗಳ (ಪ್ಯಾಲೆಟ್) ಮೇಲೆ ಪೇರಿಸಿ, ತಲುಪುವ ಊರಿನ ಹತ್ತಿರದವರೆಗೆ ತಾವೇ ಸಾಗಿಸಿ ಕೊಡುವವರಿಗೆ ದರ ಕಡಿಮೆ. ಲಕ್ಷಗಟ್ಟಲೆ ಪ್ರತಿ ಹಾಕುವವರಿಗೆ ಅದು ಸುಲಭ, ದೇಶದ ತುಂಬ ಚದುರಿದ ಕೆಲವು ಸಾವಿರ ಚಂದಾದಾರರಿರುವ ವಿಚಾರಪತ್ರಿಕೆಗೆ ಆಗದ ಮಾತು. ಎಡ, ಬಲ ಎರಡೂ ಕಡೆಯ ಸಣ್ಣ ಪತ್ರಿಕೆಗಳು ಒಟ್ಟಿಗೆ ಪ್ರತಿಭಟಿಸಿದ ಅಪರೂಪದ ಸಂದರ್ಭ ಅದು.

ನಮ್ಮಲ್ಲಿ ವಾದ ಹೆಚ್ಚಾಗಿ ನಡೆದದ್ದು ಟಪಾಲು ತೆರೆದು ನೋಡುವ ಅಧಿಕಾರದ ಬಗ್ಗೆ. ಆ ಅಧಿಕಾರವನ್ನು ಹಿಗ್ಗಿಸುವ 1986ರ ತಿದ್ದುಪಡಿ ಮಸೂದೆ ಎರಡೂ ಸದನ ದಾಟಿದರೂ ರಾಷ್ಟ್ರಪತಿ ಜೈಲ್ ಸಿಂಗ್ ಸಹಿ ಹಾಕದೆ ಇಟ್ಟುಕೊಂಡರು, ಅದು ಕಾಯ್ದೆಯಾಗಲೇ ಇಲ್ಲ. 2023ರ ಕಾಯ್ದೆಯ 9ನೇ ಕಲಮು ದೇಶದ ಭದ್ರತೆ, ವಿದೇಶಗಳೊಡನೆ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ತುರ್ತುಸ್ಥಿತಿ, ಸಾರ್ವಜನಿಕ ಸುರಕ್ಷತೆ, ಜೊತೆಗೆ ಯಾವುದೇ ಕಾನೂನಿನ ಉಲ್ಲಂಘನೆ ಎಂಬ ಕಾರಣಗಳಿಗೆ ಅಂಚೆ ವಸ್ತುವನ್ನು ತಡೆಯಲು, ತೆರೆಯಲು ಅವಕಾಶ ಕೊಡುತ್ತದೆ. ಹೀಗೆ ತಡೆದಾಗ ಪಾಲಿಸಬೇಕಾದ ರಕ್ಷಣಾ ವಿಧಾನವನ್ನು ಕಾಯ್ದೆಯಲ್ಲೇ ಬರೆದಿಲ್ಲ ಎಂಬುದು ಅದರ ಮೇಲಿರುವ ಮುಖ್ಯ ಆಕ್ಷೇಪ, ಮತ್ತು ಸರಿಯಾದ ಆಕ್ಷೇಪ. ರಿಟ್ ಅರ್ಜಿ ಹಿಡಿದು ಹೈಕೋರ್ಟಿಗೆ ಹೋಗುವ ದಾರಿಯಂತೂ ಸಂವಿಧಾನದಲ್ಲಿದೆ, ಆದರೆ 300 ಪ್ರತಿ ಹಾಕುವ ಪ್ರಕಾಶಕರಿಗೆ ವಕೀಲರ ಫೀಸು ಎಲ್ಲಿಂದ ಬರಬೇಕು?

ಪ್ರಶ್ನೆ: ಇಷ್ಟೆಲ್ಲ ರಗಳೆ ಏಕೆ? ಸ್ಪೀಡ್ ಪೋಸ್ಟ್ ಇಲ್ಲವೇ ಖಾಸಗಿ ಕೊರಿಯರ್‌ನಲ್ಲಿ ಕಳಿಸಬಾರದೇ?
— ಓದುಗರು, ಬೆಂಗಳೂರು

ಉತ್ತರ: ಬೆಂಗಳೂರಿನೊಳಗಾದರೆ ಕಳಿಸಿ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಲಾಗಿದೆ, ಅಕ್ಟೋಬರ್ 1ರಿಂದ ದರವೂ ಬದಲಾಗಿದೆ. 250 ಗ್ರಾಂವರೆಗಿನ ಲಕೋಟೆ ಬೆಂಗಳೂರಿನಿಂದ ಬೀದರಿಗೆ, ಅಂದರೆ 500 ಕಿ.ಮೀ. ಆಚೆಗೆ, 68 ರೂಪಾಯಿ. ರಿಜಿಸ್ಟ್ರೇಷನ್ ಬೇಕೆಂದರೆ ಇನ್ನು 5, ಅದರ ಮೇಲೆ 18% ಜಿಎಸ್‌ಟಿ: ಒಟ್ಟು 86 ರೂಪಾಯಿ ಚಿಲ್ಲರೆ. ಜ್ಞಾನ್ ಪೋಸ್ಟಿನಲ್ಲಿ ತೆರಿಗೆ ಸೇರಿಸಿದರೂ ಇದರ ಮೂರನೇ ಒಂದು ಪಾಲೂ ಆಗುವುದಿಲ್ಲ. ಕೊರಿಯರ್‌ನವರು ತಾಲ್ಲೂಕು ಕೇಂದ್ರದ ಆಚೆ ‘ಬಂದು ತೆಗೆದುಕೊಂಡು ಹೋಗಿ’ ಎಂದು ಫೋನು ಮಾಡುತ್ತಾರೆ. ದೇಶದ 1.64 ಲಕ್ಷ ಅಂಚೆ ಕಚೇರಿಗಳಲ್ಲಿ ಸುಮಾರು 90% ಇರುವುದು ಹಳ್ಳಿಗಳಲ್ಲಿ. ಓದುಗರು ಇರುವ ಕಡೆಗೆ ಪುಸ್ತಕ ಹೋಗಬೇಕು.

ಪ್ರಶ್ನೆ: ಹೊಸ ಪುಸ್ತಕದ ಪ್ರತಿಗಳನ್ನು ಗ್ರಂಥಾಲಯಗಳಿಗೆ ಕಳಿಸುವುದು ಕಡ್ಡಾಯವೇ?
— ಪ್ರಕಾಶಕಿ, ಕಲಬುರಗಿ

ಉತ್ತರ: ಹೌದು. ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ ಬಗೆಗಿನ 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ, ಮುಂಬೈನ ಕೇಂದ್ರ ಗ್ರಂಥಾಲಯ, ದೆಹಲಿ ಸಾರ್ವಜನಿಕ ಗ್ರಂಥಾಲಯ, ಈ ನಾಲ್ಕಕ್ಕೂ ಒಂದೊಂದು ಪ್ರತಿ, ನಿಮ್ಮದೇ ಖರ್ಚಿನಲ್ಲಿ. ಜ್ಞಾನ್ ಪೋಸ್ಟಿನಲ್ಲಿ 300 ಗ್ರಾಂ ಒಳಗಿನ ಪುಸ್ತಕಕ್ಕೆ ನಾಲ್ಕೂ ಸೇರಿ 80 ರೂಪಾಯಿ ಮತ್ತು ತೆರಿಗೆ. ರಸೀದಿಗಳನ್ನು ಒಂದು ಕಡತದಲ್ಲಿಡಿ.

ಪ್ರಶ್ನೆ: ಅಮೆರಿಕದ ಕನ್ನಡಿಗರು ಪುಸ್ತಕ ಕೇಳುತ್ತಾರೆ. 2025ರಲ್ಲಿ ಅಂಚೆಯೇ ನಿಂತುಹೋಗಿತ್ತು. ಪುಸ್ತಕಕ್ಕೂ ಅಲ್ಲಿ ಸುಂಕ ಬಿತ್ತೇ?
— ಪುಸ್ತಕ ಮಾರಾಟಗಾರರು, ಧಾರವಾಡ

ಉತ್ತರ: ಅಂಚೆ ನಿಂತದ್ದು ಪುಸ್ತಕದ ಕಾರಣಕ್ಕಲ್ಲ. ಕಡಿಮೆ ಬೆಲೆಯ ಪೊಟ್ಟಣಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ತೆಗೆಯಿತು. ಸುಂಕವನ್ನು ವಸೂಲು ಮಾಡಿ ಕಟ್ಟುವವರು ಯಾರು ಎಂಬುದು ಇತ್ಯರ್ಥವಾಗದೆ ಭಾರತೀಯ ಅಂಚೆ ಆಗಸ್ಟ್ 25ರಿಂದ ಬುಕಿಂಗ್ ತಡೆದು, ಅಕ್ಟೋಬರ್ 15ಕ್ಕೆ ಮತ್ತೆ ತೆರೆಯಿತು. ಆ ವರ್ಷದ ತುರ್ತು ಸುಂಕಗಳಿಂದ ಪುಸ್ತಕ, ಪತ್ರಿಕೆಗಳಂಥ ‘ಮಾಹಿತಿ ಸಾಮಗ್ರಿ’ ಹೊರಗಿತ್ತು. ಆದರೆ ಲಾರಿ ನಿಂತರೆ ಅದರೊಳಗಿನ ಸುಂಕವಿಲ್ಲದ ಮೂಟೆಯೂ ನಿಂತಂತೆಯೇ.

ಕಸ್ಟಮ್ಸ್ ಚೀಟಿಯಲ್ಲಿ ‘ಗಿಫ್ಟ್’ ಎಂದಾಗಲಿ ಬರೀ ‘ಪೇಪರ್’ ಎಂದಾಗಲಿ ಬರೆಯಬೇಡಿ. ‘ಮುದ್ರಿತ ಪುಸ್ತಕಗಳು, ಕನ್ನಡ ಭಾಷೆ’ ಎಂದು ಇಂಗ್ಲಿಷಿನಲ್ಲಿ ಬರೆದು, ಪುಸ್ತಕದ ಎಚ್‌ಎಸ್ ಸಂಖ್ಯೆ (ಕಸ್ಟಮ್ಸ್‌ನವರು ಸರಕಿನ ಬಗೆ ಗುರುತಿಸುವ ಸಂಖ್ಯೆ) 4901, ಪ್ರತಿಗಳ ಸಂಖ್ಯೆ, ತೂಕ, ನಿಜವಾದ ಬೆಲೆ ನಮೂದಿಸಿ. ಪತ್ರಿಕೆಗಳಾದರೆ 4902. ಪುಸ್ತಕದ ಜೊತೆ ಪಂಚಾಂಗ, ಗೊಂಬೆ, ಚಕ್ಕುಲಿ ಪೊಟ್ಟಣ ಸೇರಿಸಿದರೆ ಇಡೀ ಕಟ್ಟು ತಪಾಸಣೆಗೆ ನಿಲ್ಲಬಹುದು. ಅವನ್ನು ಬೇರೆಯೇ ಕಳಿಸಿ.